ಗೋಡೆಯ ಒಳಗೆ ಯಾರಿದ್ದಾರೆ?

ನಮ್ಮ ಬೀದಿಯ ಕೊನೆಯ ಮನೆಯ ತಾಯಿಯೊಬ್ಬರು ಒಂದು ಸಂಜೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ಹಿಡಿದುಕೊಂಡು ಬಂದರು. ಹಳೆಯ ಪತ್ರಿಕೆಯ ಹಾಳೆಯಲ್ಲಿ ಅದನ್ನು ಸುತ್ತಿಟ್ಟಿದ್ದರು.

‘ಸಾರ್, ನೀವು ಮೇಷ್ಟ್ರಾಗಿದ್ದವರು, ಇದನ್ನೊಮ್ಮೆ ನೋಡಿ ಹೇಳಿ. ಹೆಣಗಳು ಎದ್ದು ಬಂದು ಮನುಷ್ಯರನ್ನು ತಿನ್ನುವ ಕಥೆಯಂತೆ. ರಾತ್ರಿ ಹನ್ನೊಂದಾದರೂ ನಮ್ಮ ಹುಡುಗ ದೀಪ ಆರಿಸುವುದಿಲ್ಲ. ಮುಂದಿನ ತಿಂಗಳು ಪಿಯುಸಿಗೆ ಹಾಸ್ಟೆಲ್ ಇರುವ ಕಾಲೇಜಿಗೆ ಸೇರಬೇಕಾದವನು. ಈಗಲೇ ತಲೆ ಕೆಡಿಸಿಕೊಂಡರೆ ಏನು ಗತಿ?’ ಎಂದರು.

ಹುಡುಗನಿಗೆ ಹದಿನಾರು ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಾನೆ. ಪುಸ್ತಕ ಬೆಂಗಳೂರಿನ ಚಿಕ್ಕಪ್ಪನ ಮಗನದಂತೆ. ಸುತ್ತಿದ ಹಾಳೆ ಬಿಚ್ಚಿ ನೋಡಿದೆ. ಪುಟ ತಿರುಗಿಸಿದರೆ ಎಲ್ಲ ಕಪ್ಪು ಬಿಳುಪು. ರಕ್ತವೂ ಕಪ್ಪು. ಆದರೂ ಒಂದೆರಡು ಚಿತ್ರ ನೋಡಿದಾಗ ಹೊಟ್ಟೆ ತೊಳಸಿದ್ದು ನಿಜ. ‘ಓದಿ ಹೇಳುತ್ತೇನೆ, ಅಲ್ಲಿಯವರೆಗೆ ಅವನನ್ನು ಬಯ್ಯಬೇಡಿ’ ಎಂದು ಅವರನ್ನು ಕಳಿಸಿಕೊಟ್ಟೆ.

ನಮ್ಮ ಕಾಲದಲ್ಲಿ ಹೆಣದ ಕಥೆ ಇರಲಿಲ್ಲವೇ? ಚಂದಮಾಮ ಮನೆಗೆ ಬಂದ ದಿನ ನಾವು ಮೊದಲು ತಿರುಗಿಸುತ್ತಿದ್ದುದು ಬೇತಾಳ ಕಥೆಯ ಪುಟವನ್ನು. ಮರದಿಂದ ಹೆಣ ಇಳಿಸಿ ಹೆಗಲ ಮೇಲೆ ಹಾಕಿಕೊಂಡು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರ ನೋಡಿ ಯಾವ ತಂದೆತಾಯಿಯೂ ಗಾಬರಿಯಾದದ್ದು ನೆನಪಿಲ್ಲ. ಆ ಹೆಣದೊಳಗಿನ ಬೇತಾಳ ಕಥೆ ಹೇಳಿ ಕೊನೆಗೊಂದು ಪ್ರಶ್ನೆ ಕೇಳುತ್ತಿತ್ತು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಹೋಳಾಗುತ್ತದೆ ಎನ್ನುತ್ತಿತ್ತು. ಈ ಅಮೆರಿಕದ ಹೆಣಗಳು ಮಾತ್ರ ಮಾತಾಡುವುದಿಲ್ಲ. ಪ್ರಶ್ನೆ ಕೇಳುವ ಕೆಲಸವನ್ನು ಬದುಕಿರುವವರಿಗೆ ಬಿಟ್ಟಿವೆ.

ಪುಸ್ತಕದ ಹೆಸರು ‘ದಿ ವಾಕಿಂಗ್ ಡೆಡ್’. ಬರೆದವರು ಅಮೆರಿಕದ ರಾಬರ್ಟ್ ಕರ್ಕ್‌ಮನ್. ಮೊದಲ ಆರು ಸಂಚಿಕೆಗಳಿಗೆ ಚಿತ್ರ ಬರೆದವರು ಅವರ ಶಾಲಾ ದಿನಗಳ ಗೆಳೆಯ ಟೋನಿ ಮೂರ್. ಅಲ್ಲಿಂದ ಕೊನೆಯವರೆಗೆ, ಅಂದರೆ 187 ಸಂಚಿಕೆಗಳಿಗೆ, ಬ್ರಿಟನ್ನಿನ ಚಾರ್ಲಿ ಆಡ್ಲರ್ಡ್. 2003ರ ಅಕ್ಟೋಬರಿನಲ್ಲಿ ಆರಂಭವಾಗಿ 2019ರ ಜುಲೈಯಲ್ಲಿ 193ನೆಯ ಸಂಚಿಕೆಗೆ, ಮುನ್ಸೂಚನೆಯನ್ನೇ ಕೊಡದೆ, ಮುಗಿಯಿತು. 2010ರಲ್ಲಿ ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿ ಬಂತು. ಅದೇ ವರ್ಷ ಟೀವಿ ಧಾರಾವಾಹಿಯಾಗಿ 2022ರವರೆಗೆ ನಡೆಯಿತು. ಹುಡುಗನ ಕೈಯಲ್ಲಿದ್ದದ್ದು ಮೊದಲ 48 ಸಂಚಿಕೆಗಳನ್ನು ಒಟ್ಟುಗೂಡಿಸಿದ ಸಂಪುಟ. ಇಂಥವು ನಾಲ್ಕಿವೆ.

ಇಲ್ಲೊಂದು ತಮಾಷೆಯ ಸಂಗತಿ ಹೇಳಬೇಕು. ನಮ್ಮ ಬೀದಿಯ ತಾಯಿಯಂತೆಯೇ ಅಮೆರಿಕದ ತಂದೆತಾಯಂದಿರೂ ಒಂದು ಕಾಲಕ್ಕೆ ಹೆದರಿದ್ದರು. ಭಯಾನಕ ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆಂದು 1954ರಲ್ಲಿ ಅಲ್ಲಿನ ಸೆನೆಟ್ಟಿನ ಉಪಸಮಿತಿ ವಿಚಾರಣೆಯನ್ನೇ ನಡೆಸಿತು. ಸರ್ಕಾರ ಕೈಹಾಕುವ ಮೊದಲೇ ಪ್ರಕಾಶಕರು ತಾವೇ ಒಂದು ನಿಯಮಾವಳಿ ಮಾಡಿಕೊಂಡರು. ಏನೇನನ್ನು ಚಿತ್ರಿಸಬಾರದು ಎಂಬ ಅದರ ಪಟ್ಟಿಯಲ್ಲಿ ರಕ್ತ ಹೀರುವವರ ಜೊತೆಗೆ ‘ವಾಕಿಂಗ್ ಡೆಡ್’, ಅಂದರೆ ನಡೆದಾಡುವ ಹೆಣಗಳು, ಎಂಬ ಮಾತೂ ಇತ್ತು! ಕಾಲಕ್ರಮದಲ್ಲಿ ಪ್ರಕಾಶಕರು ಒಬ್ಬೊಬ್ಬರಾಗಿ ಅದನ್ನು ಕೈಬಿಟ್ಟು, 2011ರಲ್ಲಿ ಆ ನಿಯಮಾವಳಿಯೇ ಕಣ್ಮುಚ್ಚಿತು. ಆ ಹೊತ್ತಿಗೆ ನಿಷೇಧದ ಪಟ್ಟಿಯಲ್ಲಿದ್ದ ಮಾತನ್ನೇ ಹೆಸರಾಗಿಟ್ಟುಕೊಂಡ ಈ ಕಥೆ ಎಂಟನೆಯ ವರ್ಷಕ್ಕೆ ಕಾಲಿಟ್ಟಿತ್ತು.

ಕಥೆಗೆ ಬರೋಣ. ಕೆಂಟಕಿ ರಾಜ್ಯದ ಪೊಲೀಸ್ ಅಧಿಕಾರಿ ರಿಕ್ ಗ್ರೈಮ್ಸ್ ಗುಂಡೇಟು ತಿಂದು ಪ್ರಜ್ಞೆ ಕಳೆದುಕೊಂಡಿರುತ್ತಾನೆ. ಎಚ್ಚರವಾದಾಗ ಆಸ್ಪತ್ರೆಯಲ್ಲಿ ನರಪಿಳ್ಳೆ ಇಲ್ಲ. ಇರುವುದೆಲ್ಲ ತೂರಾಡುತ್ತ ಬರುವ ಹೆಣಗಳು. ಮನೆಗೆ ಹೋದರೆ ಹೆಂಡತಿ ಲೋರಿ, ಏಳೆಂಟು ವರ್ಷದ ಮಗ ಕಾರ್ಲ್ ಇಬ್ಬರೂ ಇಲ್ಲ. ದೊಡ್ಡ ಊರುಗಳಿಗೆ ಹೋಗಿ, ಅಲ್ಲಿ ರಕ್ಷಣೆ ಸಿಗುತ್ತದೆ ಎಂದು ಸರ್ಕಾರ ಹೇಳಿತ್ತೆಂದು ನೆರೆಯವನೊಬ್ಬನಿಂದ ತಿಳಿಯುತ್ತದೆ. ರಿಕ್ ಅಟ್ಲಾಂಟಾ ನಗರಕ್ಕೆ ಹೊರಡುತ್ತಾನೆ. ಹೆಚ್ಚು ಜನ ಸೇರಿದ ಕಡೆಯೇ ಹೆಚ್ಚು ಹೆಣಗಳು. ಆಶ್ರಯವೆಂದು ಹೇಳಿದ ಜಾಗವೇ ಬಲೆಯಾಗಿದೆ. ಅಲ್ಲಿ ಅವನನ್ನು ಉಳಿಸುವವನು ಸೈನಿಕನಲ್ಲ, ಮನೆ ಮನೆಗೆ ಪಿಜ್ಜಾ ಮುಟ್ಟಿಸುತ್ತಿದ್ದ ಗ್ಲೆನ್ ಎಂಬ ಹುಡುಗ. ಊರಿನ ಸಂದಿಗೊಂದಿ ಅವನಿಗೆ ಬಾಯಿಪಾಠ.

ನಗರದ ಹೊರಗಿನ ಬಿಡಾರದಲ್ಲಿ ಹೆಂಡತಿ ಮಗ ಸಿಗುತ್ತಾರೆ. ಬೇರೆ ಕಥೆಯಾಗಿದ್ದರೆ ಇಲ್ಲಿಗೆ ಶುಭಂ. ಈ ಕಥೆ ಇಲ್ಲಿಂದಲೇ ಆರಂಭ. ಮುಂದಿನದೆಲ್ಲ ಒಂದೇ ಹುಡುಕಾಟ: ಈ ಮಗುವನ್ನು ಮಲಗಿಸಲು ಭದ್ರವಾದ ಜಾಗ ಎಲ್ಲಿದೆ? ತಂದೆತಾಯಂದಿರೆ, ಜೋಂಬಿಗಳನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ನೋಡಿ, ನಮ್ಮ ನಿಮ್ಮ ಹುಡುಕಾಟವೂ ಇದೇ ಅಲ್ಲವೇ?

ಒಂದೊಂದೇ ಆಶ್ರಯವನ್ನು ನೋಡುತ್ತ ಹೋಗೋಣ. ಬಿಡಾರವನ್ನು ನಗರದಿಂದ ದೂರ ಒಯ್ಯೋಣ ಎಂದು ರಿಕ್ ಹೇಳುತ್ತಾನೆ. ಸರ್ಕಾರ ಬಂದು ಕಾಪಾಡುತ್ತದೆ, ಹತ್ತಿರವೇ ಇರೋಣ ಎಂದು ಗೆಳೆಯ ಶೇನ್ ಹಟ ಹಿಡಿಯುತ್ತಾನೆ. ಸರ್ಕಾರ ಬರುವುದಿಲ್ಲ, ಹೆಣಗಳು ಬರುತ್ತವೆ. ಮುಂದೆ ಚಳಿಗಾಲದಲ್ಲಿ ಎತ್ತರದ ಗೋಡೆಯ ಸಿರಿವಂತರ ಬಡಾವಣೆಯೊಂದು ಸಿಗುತ್ತದೆ. ಸಾಲು ಸಾಲು ಖಾಲಿ ಮನೆ, ಮೆತ್ತನೆಯ ಹಾಸಿಗೆ. ಎಲ್ಲರೂ ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಮಲಗುತ್ತಾರೆ. ಒಳಗಿರುವವರೆಲ್ಲ ಸತ್ತಿದ್ದಾರೆ, ಬರಬೇಡಿ ಎಂಬ ಎಚ್ಚರಿಕೆಯ ಫಲಕ ಹೊರಗೇ ಇತ್ತು. ಹಿಮ ಅದನ್ನು ಮುಚ್ಚಿಬಿಟ್ಟಿತ್ತು. ಗೋಡೆ ಬೀಳಲಿಲ್ಲ, ಒಡೆಯಲಿಲ್ಲ. ಅಪಾಯ ಗೋಡೆಯ ಒಳಗೇ ಇತ್ತು, ಅಷ್ಟೆ.

ಅಲ್ಲಿಂದ ಹರ್ಷಲ್ ಎಂಬ ಹಿರಿಯನ ಹೊಲಮನೆ. ಸಭ್ಯ ಮನುಷ್ಯ. ಗುಂಡು ತಗುಲಿದ ಕಾರ್ಲ್‌ನನ್ನು ಉಳಿಸಿದವನು. ಆದರೆ ಅವನು ಕೊಟ್ಟಿಗೆಯಲ್ಲಿ ಎದ್ದ ಹೆಣಗಳನ್ನು ಕೂಡಿಹಾಕಿದ್ದಾನೆ. ಅವುಗಳಲ್ಲಿ ಅವನ ಮಗನೂ ಒಬ್ಬ. ಇದು ಕಾಯಿಲೆ, ಒಂದು ದಿನ ವಾಸಿಯಾದೀತು ಎಂಬುದು ಅವನ ನಂಬಿಕೆ. ಸತ್ತ ಮಗನನ್ನು ಬಿಡಲಾಗದ ತಂದೆಯ ಆ ಆಸೆಯನ್ನು ನೋಡಿ ನಗಲು ಯಾರಿಗೆ ಮನಸ್ಸು ಬಂದೀತು? ಆದರೆ ಆ ಕೊಟ್ಟಿಗೆಯ ಬಾಗಿಲು ತೆರೆದ ದಿನ ಅವನ ಇನ್ನಿಬ್ಬರು ಮಕ್ಕಳು ಹೋಗುತ್ತಾರೆ. ಸಂಕಟದಲ್ಲಿ ಅವನು ರಿಕ್‌ನ ಗುಂಪನ್ನು ಹೊರಗೆ ಹಾಕುತ್ತಾನೆ.

ಅಲೆದು ಅಲೆದು ಅವರಿಗೆ ಸಿಗುವುದು ಒಂದು ಸೆರೆಮನೆ. ಸಾಲು ಬೇಲಿ, ಕಬ್ಬಿಣದ ಬಾಗಿಲು, ಉಗ್ರಾಣದಲ್ಲಿ ಆಹಾರ. ಮನುಷ್ಯರು ಹೊರಗೆ ಓಡದಿರಲೆಂದು ಕಟ್ಟಿದ್ದು ಈಗ ಹೆಣಗಳು ಒಳಗೆ ಬಾರದಿರಲು ಒದಗುತ್ತದೆ. ರಿಕ್ ಮಾಡುವ ಮೊದಲ ಕೆಲಸ, ತನ್ನನ್ನು ಹೊರಗೆ ಹಾಕಿದ ಹರ್ಷಲ್‌ನ ಮನೆಗೆ ಹೋಗಿ ‘ನೀವೂ ಬನ್ನಿ’ ಎಂದು ಕರೆಯುವುದು. ಹರ್ಷಲ್ ಬರುತ್ತಾನೆ. ಸೆರೆಮನೆಯ ಅಂಗಳದಲ್ಲಿ ಬೇಸಾಯ ಮಾಡುತ್ತಾನೆ. ಸಾವಿರ ಪುಟಗಳ ಆ ಸಂಪುಟದಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು.

ಆದರೆ ಆ ಸೆರೆಮನೆಯಲ್ಲಿ ನಾಲ್ವರು ಕೈದಿಗಳು ಮೊದಲೇ ಉಳಿದುಕೊಂಡಿದ್ದಾರೆ. ಅವರಲ್ಲಿ ಡೆಕ್ಸ್‌ಟರ್ ಎಂಬಾತ, ತಾನು ಕೊಲೆ ಮಾಡಿ ಬಂದವನೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಥಾಮಸ್ ಎಂಬ ಇನ್ನೊಬ್ಬ, ತೆರಿಗೆಯ ವಿಷಯದಲ್ಲಿ ಮೋಸ ಮಾಡಿದ್ದಷ್ಟೇ ತನ್ನ ತಪ್ಪು ಎನ್ನುತ್ತಾನೆ. ಹರ್ಷಲ್‌ನ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾದಾಗ ಎಲ್ಲರೂ ಡೆಕ್ಸ್‌ಟರ್‌ನನ್ನು ಹಿಡಿದು ಕೂಡಿಹಾಕುತ್ತಾರೆ. ಕೊಂದವನು ಥಾಮಸ್. ನಿಜ ಹೇಳಿದವನಿಗೆ ಬೀಗ, ಸುಳ್ಳು ಹೇಳಿದವನಿಗೆ ಕೈದೋಟದ ಕೆಲಸ. ಹೆಣಗಳಿಂದ ಕಚ್ಚಿಸಿಕೊಳ್ಳದೆ ಸತ್ತವರೂ ಹೆಣವಾಗಿ ಏಳುತ್ತಾರೆ ಎಂಬ ಸತ್ಯ ಹೊರಬೀಳುವುದೂ ಇಲ್ಲೇ. ಎಂದರೆ, ಅಂಟಿಕೊಂಡಿರುವ ಪೀಡೆ ಎಲ್ಲರ ಮೈಯಲ್ಲೂ ಇದೆ. ಅದಕ್ಕೆ ಬೇಲಿ ಎಲ್ಲಿ ಹಾಕುವುದು? ಕೊನೆಗೆ ಆ ಬೇಲಿಗಳನ್ನು ಕೆಡವುವವರು ಹೆಣಗಳಲ್ಲ, ಮನುಷ್ಯರು. ಪಕ್ಕದ ವುಡ್‌ಬರಿ ಊರನ್ನು ಕೈಯಲ್ಲಿಟ್ಟುಕೊಂಡು ತನ್ನನ್ನು ಗವರ್ನರ್ ಎಂದು ಕರೆಸಿಕೊಳ್ಳುವವನು ಯುದ್ಧದ ಟ್ಯಾಂಕ್ ನುಗ್ಗಿಸುತ್ತಾನೆ. ರಿಕ್ ಹೆಂಡತಿಯನ್ನೂ ಎಳೆಗೂಸನ್ನೂ ಕಳೆದುಕೊಂಡು, ಮಗನೊಬ್ಬನ ಕೈ ಹಿಡಿದು ಓಡುತ್ತಾನೆ. ಸಂಪುಟ ಅಲ್ಲಿಗೆ ಮುಗಿಯಿತು. ಗಡಿಯಾರ ನೋಡಿದೆ, ರಾತ್ರಿ ಒಂದೂವರೆ. ಹುಡುಗ ಹನ್ನೊಂದಕ್ಕೆ ದೀಪ ಆರಿಸುತ್ತಿದ್ದನಲ್ಲ, ಅವನೇ ವಾಸಿ.

ಉಳಿದ ಸಂಪುಟಗಳನ್ನು ಹುಡುಗನೇ ತಂದುಕೊಟ್ಟ. ಅವುಗಳಲ್ಲಿ ಗೇಬ್ರಿಯಲ್ ಎಂಬ ಪಾದ್ರಿ ಸಿಗುತ್ತಾನೆ. ಹೆಣಗಳು ಎದ್ದ ದಿನಗಳಲ್ಲಿ ಅವನು ಚರ್ಚಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ಅವನ ಭಕ್ತರೇ ಬಂದು ಬಾಗಿಲು ಬಡಿದು ಅಂಗಲಾಚಿದರು. ಅವನು ತೆರೆಯಲಿಲ್ಲ. ಒಬ್ಬನಿಗೆ ಆಶ್ರಯ ಸಿಕ್ಕಿತು, ನಿಜ. ಆದರೆ ಆ ಬಡಿತದ ಸದ್ದು ಅವನನ್ನು ಬಿಡಲೇ ಇಲ್ಲ. ಇದನ್ನು ಓದುವಾಗ 2020ರ ಮಾರ್ಚ್ ತಿಂಗಳು ನೆನಪಾಯಿತು. ಸೋಂಕಿನ ಭಯದಲ್ಲಿ ನಮ್ಮ ಹಳ್ಳಿಗಳು ರಸ್ತೆಗೆ ಅಡ್ಡಲಾಗಿ ಮುಳ್ಳುಬೇಲಿ ಎಳೆದವು. ನಗರದಿಂದ ನಡೆದು ಬಂದ ಊರ ಮಕ್ಕಳೇ ಬೇಲಿಯ ಆಚೆ ನಿಂತರು. ಹೆದರಿದವರನ್ನು ದೂರುವುದು ಸುಲಭ. ನಾನೂ ಆ ದಿನಗಳಲ್ಲಿ ಗೇಟಿಗೆ ಬೀಗ ಹಾಕಿಕೊಂಡವನೇ.

ಕೊನೆಗೆ ವಾಷಿಂಗ್‌ಟನ್ ಸಮೀಪ ಅಲೆಕ್ಸಾಂಡ್ರಿಯಾ ಎಂಬಲ್ಲಿ ಗೋಡೆ ಕಟ್ಟಿಕೊಂಡ ಪುಟ್ಟ ಊರೊಂದು ಇವರನ್ನು ಒಳಗೆ ಕರೆದುಕೊಳ್ಳುತ್ತದೆ. ಒಂದು ದಿನ ಹೆಣಗಳ ಮಹಾಹಿಂಡು ಬಂದು ಆ ಗೋಡೆಯನ್ನೂ ಒರಗಿಸುತ್ತದೆ. ಕಾರ್ಲ್ ಒಂದು ಕಣ್ಣು ಕಳೆದುಕೊಳ್ಳುತ್ತಾನೆ. ಆದರೆ ಆ ರಾತ್ರಿ ಹಿಂದೆಂದೂ ಆಗದ್ದೊಂದು ಆಗುತ್ತದೆ. ಹೋರಾಟವೇ ಗೊತ್ತಿಲ್ಲದ ಊರಿನವರು, ಮನೆಯೊಳಗೆ ಅಡಗಿ ಕೂರಬಹುದಾಗಿದ್ದವರು, ಒಬ್ಬೊಬ್ಬರಾಗಿ ಹೊರಗೆ ಬಂದು ರಿಕ್‌ನ ಪಕ್ಕದಲ್ಲಿ ನಿಲ್ಲುತ್ತಾರೆ. ಬೆಳಗಾದಾಗ ಗೋಡೆ ಇಲ್ಲ, ಊರು ಇದೆ. ಅಷ್ಟು ದಿನ ಓಡುತ್ತಲೇ ಇದ್ದ ರಿಕ್ ಇನ್ನು ಓಡುವುದಿಲ್ಲ. ಸುತ್ತಲಿನ ಊರುಗಳ ಜೊತೆ ವ್ಯಾಪಾರ, ಕೃಷಿ, ನ್ಯಾಯ ಎಲ್ಲ ಚಿಗುರುತ್ತವೆ. ತನ್ನ ಕಣ್ಣೆದುರೇ ಗ್ಲೆನ್‌ನನ್ನು ಕೊಂದ ನೀಗನ್ ಎಂಬ ಕ್ರೂರಿ ಕೈಗೆ ಸಿಕ್ಕಾಗ ಅವನನ್ನು ಕೊಲ್ಲದೆ ಸೆರೆಯಲ್ಲಿ ಇಡುತ್ತಾರೆ. ಸೆರೆಮನೆಯಲ್ಲಿ ಅಡಗಿದ್ದವರು ಈಗ ಸೆರೆಮನೆ ಯಾತಕ್ಕೆ ಬೇಕೆಂದು ಕಲಿತಿದ್ದಾರೆ.

ವಿದ್ಯಾರ್ಥಿಗಳಿಗಾಗಿ ಇನ್ನೊಂದು ಪಾತ್ರದ ಬಗ್ಗೆ ಹೇಳಲೇಬೇಕು. ಯೂಜೀನ್ ಎಂಬಾತ ತಾನು ಸರ್ಕಾರದ ದೊಡ್ಡ ವಿಜ್ಞಾನಿ, ಈ ಪೀಡೆಯ ಗುಟ್ಟು ತನಗೆ ಗೊತ್ತು, ತನ್ನನ್ನು ವಾಷಿಂಗ್‌ಟನ್‌ಗೆ ತಲುಪಿಸಿ ಎಂದು ಹೇಳಿಕೊಂಡು ಬರುತ್ತಾನೆ. ಅದೆಲ್ಲ ಸುಳ್ಳು. ಅವನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು! ಇಂಥ ಕಾಲದಲ್ಲಿ ಬರಿಯ ಮೇಷ್ಟ್ರನ್ನು ಯಾರು ಕಾಪಾಡುತ್ತಾರೆ ಎಂಬ ಭಯದಲ್ಲಿ ಹೇಳಿದ ಸುಳ್ಳು. ಅದನ್ನು ಓದಿ ನನಗೆ ನಗುವೂ ಬಂತು, ಬೇಸರವೂ ಆಯಿತು. ಆದರೆ ಮುಂದೆ ಊರಿಗೆ ಬೇಕಾದ ಗುಂಡುಗಳನ್ನು ತಯಾರಿಸುವವನು ಅವನೇ. ರೇಡಿಯೋ ಹಿಡಿದು ಕೂತು ದೂರದ ಜನರ ದನಿ ಕೇಳಿಸಿಕೊಳ್ಳುವವನೂ ಅವನೇ. ಆ ದನಿಯಿಂದಲೇ ಐವತ್ತು ಸಾವಿರ ಜನರ ಕಾಮನ್‌ವೆಲ್ತ್ ಎಂಬ ನಾಡಿನ ಪರಿಚಯವಾಗುವುದು. ಹೈಸ್ಕೂಲಿನ ವಿಜ್ಞಾನ ಸಾಕಷ್ಟಾಯಿತು. ಸುಳ್ಳು ಬೇಕಿರಲಿಲ್ಲ.

ಆ ದೊಡ್ಡ ನಾಡಿನಲ್ಲಿ ಹೆಣಗಳ ಭಯ ಕಡಿಮೆ. ಆದರೆ ಹಿಂದೆ ನೀನು ಏನಾಗಿದ್ದೆ ಎಂಬುದರ ಮೇಲೆ ಅಲ್ಲಿ ನಿನ್ನ ಸ್ಥಾನಮಾನ. ದೊಡ್ಡವರ ಮಗ ದೊಡ್ಡವನೇ. ಲೋಕವೇ ಮುಳುಗಿದರೂ ಮೇಲು ಕೀಳು ಮುಳುಗದೆ ತೇಲಿಕೊಂಡು ಬಂದಿದೆ! ಜನ ಸಿಟ್ಟಿಗೇಳುತ್ತಾರೆ, ಕತ್ತಿ ಹಿರಿಯುವ ಹೊತ್ತು. ರಿಕ್ ನಡುವೆ ನಿಂತು ರಕ್ತಪಾತವನ್ನು ತಪ್ಪಿಸುತ್ತಾನೆ. ಅದೇ ಸಿಟ್ಟಿಗೆ ಅಧಿಕಾರಸ್ಥೆಯ ಮಗ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕೊನೆಯ ಸಂಚಿಕೆ ವರ್ಷಗಳ ನಂತರದ್ದು. ಕಾರ್ಲ್‌ಗೆ ಹೆಂಡತಿ, ಪುಟ್ಟ ಮಗಳು. ಹೆಣಗಳು ಎಷ್ಟು ಅಪರೂಪವೆಂದರೆ ಅವನ್ನು ಬಂಡಿಯಲ್ಲಿ ಕಟ್ಟಿಕೊಂಡು ಊರೂರು ಸುತ್ತಿ ಪ್ರದರ್ಶನ ಮಾಡುವವರಿದ್ದಾರೆ. ತಪ್ಪಿಸಿಕೊಂಡು ಬಂದ ಹೆಣವೊಂದನ್ನು ಕೊಂದದ್ದಕ್ಕೆ, ಇನ್ನೊಬ್ಬರ ಸೊತ್ತು ಹಾಳು ಮಾಡಿದನೆಂದು ಕಾರ್ಲ್‌ನ ಮೇಲೆ ಮೊಕದ್ದಮೆ! ಹಿಂದಿನ ಭಯ ಮುಂದಿನವರಿಗೆ ತಮಾಷೆಯಾಗುವುದು ಹೀಗೆ. ಕೊನೆಯಲ್ಲಿ ಅವನು ಮಗಳನ್ನು ಕೂರಿಸಿಕೊಂಡು ಅಜ್ಜನ ಕಥೆಯ ಪುಸ್ತಕ ಓದಿ ಹೇಳುತ್ತಾನೆ. ರಿಕ್ ಹುಡುಕಿದ ಆಶ್ರಯ ಸಿಕ್ಕಿತು. ಸಿಕ್ಕಿದ್ದು ಮೊಮ್ಮಗಳಿಗೆ.

ಓದಿ ಮುಗಿಸಿದ ಮೇಲೆ ಹುಡುಗನನ್ನು ಕರೆದು ಕೇಳಿದೆ: ‘ಇಷ್ಟೊಂದು ರಕ್ತ, ಕ್ರೌರ್ಯ. ನಿನಗೆ ಇದರಲ್ಲಿ ಏನಪ್ಪಾ ಇಷ್ಟ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹೆಣಗಳ ಚಿತ್ರ ಬಂದರೆ ಬೇಗ ಪುಟ ತಿರುಗಿಸುತ್ತೇನೆ ಸಾರ್. ಹೊಸ ಜಾಗಕ್ಕೆ ಹೋದಾಗ ಒಳಗೆ ಯಾರಿದ್ದಾರೆ ಅಂತ ನೋಡುವುದೇ ಇಷ್ಟ. ಸೆರೆಮನೆಯ ಭಾಗವನ್ನು ಮೂರು ಸಲ ಓದಿದ್ದೇನೆ’ ಎಂದ. ಆಮೇಲೆ ನೆಲ ನೋಡುತ್ತ, ‘ನಾನು ಸೇರುವ ಕಾಲೇಜಿಗೂ ಎತ್ತರದ ಕಾಂಪೌಂಡು ಇದೆ. ಅಪ್ಪ ಅದನ್ನು ನೋಡಿಯೇ ಖುಷಿಪಟ್ಟರು. ಒಳಗೆ ಯಾರಿರುತ್ತಾರೋ ನನಗೆ ಗೊತ್ತಿಲ್ಲ’ ಎಂದ.

ತಾಯಿಗೆ ಈ ಮಾತನ್ನು ಮುಟ್ಟಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಮಗ ಪುಸ್ತಕದಿಂದ ಹೆದರುತ್ತಾನೆಂದು ಅವರು ತಿಳಿದಿದ್ದರು. ಅವನು ಹೆದರಿದ್ದು ಹಾಸ್ಟೆಲ್ಲಿಗೆ. ಹೇಳಿಕೊಳ್ಳಲು ಮಾತು ಸಿಗದೆ ಪುಸ್ತಕದಲ್ಲಿ ಹುಡುಕುತ್ತಿದ್ದ.

ಹಾಗೆಂದು ಈ ಪುಸ್ತಕವನ್ನು ಎಲ್ಲ ಮಕ್ಕಳ ಕೈಗೂ ಕೊಡಿ ಎಂದು ನಾನು ಹೇಳುವುದಿಲ್ಲ. ಇದು ದೊಡ್ಡವರಿಗಾಗಿ ಬರೆದ ಪುಸ್ತಕ. ಗವರ್ನರ್ ಬರುವ ಭಾಗದ ಹಿಂಸೆಯನ್ನು ನನ್ನಂಥ ಮುದುಕನೂ ಅರ್ಧ ಕಣ್ಣು ಮುಚ್ಚಿಯೇ ಓದಿದ್ದು. ಹೈಸ್ಕೂಲು ದಾಟದ ಮಕ್ಕಳಿಗೆ ಖಂಡಿತ ಬೇಡ. ಅದಕ್ಕಿಂತ ದೊಡ್ಡವರು ಓದುತ್ತಿದ್ದರೆ ಕಿತ್ತುಕೊಳ್ಳುವ ಮೊದಲು ನೀವೂ ಹತ್ತು ಪುಟ ಓದಿ. ‘ಇದನ್ನು ಯಾಕೆ ಓದುತ್ತೀ?’ ಎಂದು ಗದರಿಸುವುದಕ್ಕೂ ‘ಇದರಲ್ಲಿ ನಿನಗೆ ಯಾರು ಇಷ್ಟ?’ ಎಂದು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದಕ್ಕೆ ಉತ್ತರ ಬರುತ್ತದೆ.

ಕಾಲೇಜು, ಹಾಸ್ಟೆಲು ನೋಡಲು ಹೋದಾಗ ನಾವು ಮೊದಲು ನೋಡುವುದು ಕಾಂಪೌಂಡಿನ ಎತ್ತರ, ಗೇಟಿನ ಕಾವಲು, ಕ್ಯಾಮರಾ. ಅವು ಬೇಡವೆಂದಲ್ಲ. ಜೊತೆಗೆ ಇನ್ನೆರಡು ಮೂರು ಪ್ರಶ್ನೆ ಕೇಳಿ. ರಾತ್ರಿ ಜ್ವರ ಬಂದರೆ ಮಗು ಯಾರ ಬಾಗಿಲು ಬಡಿಯಬೇಕು? ಮನೆಗೆ ಮಾತಾಡಬೇಕೆನ್ನಿಸಿದರೆ ಬಿಡುತ್ತಾರೆಯೇ? ತಪ್ಪು ಮಾಡಿ ನಿಜ ಹೇಳಿದವನಿಗೆ ಅಲ್ಲಿ ಏನಾಗುತ್ತದೆ? ಗೋಡೆಯ ಎತ್ತರ ಕಣ್ಣಿಗೆ ಕಾಣುತ್ತದೆ. ಇದು ಕೇಳಿದರೆ ಮಾತ್ರ ತಿಳಿಯುತ್ತದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಹೊಸ ಜಾಗಕ್ಕೆ ಹೋದಾಗ ಒಳಗೆ ಯಾರಿದ್ದಾರೋ ಎಂದು ನೀವು ಹೆದರುವಂತೆಯೇ ಪಕ್ಕದ ಮಂಚದ ಹುಡುಗನೂ ಹೆದರಿರುತ್ತಾನೆ. ಅವನ ಪಾಲಿಗೆ ಒಳಗಿರುವವರು ನೀವೇ.

ನಮ್ಮ ಬೀದಿಯ ಹುಡುಗನ ತಂದೆತಾಯಿ ಮತ್ತೊಮ್ಮೆ ಕಾಲೇಜಿಗೆ ಹೋದರು. ಈ ಸಲ ಅವನನ್ನೂ ಕರೆದುಕೊಂಡು ಹೋದರು. ಅಡುಗೆಮನೆ ನೋಡಿದರು, ವಾರ್ಡನ್ ಜೊತೆ ಕೂತು ಮಾತಾಡಿದರು, ಇಬ್ಬರು ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿದರು. ಹುಡುಗ ಸೇರಿಕೊಂಡ. ಹೊರಡುವ ಹಿಂದಿನ ದಿನ ನಾಲ್ಕೂ ಸಂಪುಟಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, ‘ದಸರಾ ರಜೆಗೆ ಬಂದಾಗ ತೆಗೆದುಕೊಳ್ಳುತ್ತೇನೆ ಸಾರ್, ಅಲ್ಲಿಯವರೆಗೆ ಇಲ್ಲಿರಲಿ’ ಎಂದ. ಪುಸ್ತಕಗಳು ಅಲ್ಲೇ ಇವೆ. ಕಳೆದ ಭಾನುವಾರ ಅವನ ತಾಯಿ ಸಿಕ್ಕಿದ್ದರು. ಮಗ ಫೋನಿನಲ್ಲಿ ಪಕ್ಕದ ಮಂಚದ ಹುಡುಗನ ವಿಷಯವನ್ನೇ ಹತ್ತು ನಿಮಿಷ ಹೇಳಿದನಂತೆ.